ಬಳೆಚೂರಿನ ಎರಡು ಕಿಟಕಿ

ಹಸಿ ಸುಣ್ಣದ ವಾಸನೆಯೂ ಹೊಸ ಜೋಳದ ವಾಸನೆಯೂ ಒಟ್ಟಿಗೆ ಮೂಗಿಗೆ ಬರುವುದು ನಮ್ಮೂರಿನ ಚರ್ಚಿನಲ್ಲಿ ಮಾತ್ರ, ಅದೂ ಸುಗ್ಗಿ ಹಬ್ಬದ ದಿನ ಮಾತ್ರ. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತಾರೆ. ಹಬ್ಬದ ಬೆಳಿಗ್ಗೆ ಹೊಲದಿಂದ ತೆನೆಸಹಿತ ದಂಟು ತಂದು ಕಂಬಗಳಿಗೆ ಕಟ್ಟುತ್ತಾರೆ. ಬಹಳ ವರ್ಷಗಳ ಮೇಲೆ ಈ ಸಲ ನಾನು ಆ ಹೊಸ್ತಿಲು ದಾಟಿದಾಗ ನನ್ನನ್ನು ಮೊದಲು ಗುರುತು ಹಿಡಿದದ್ದು ಆ ವಾಸನೆ. ಮನುಷ್ಯರಲ್ಲಿ ಯಾರೂ ಹಿಡಿಯಲಿಲ್ಲ. ಹಿಡಿಯಬಲ್ಲವರೆಲ್ಲ ಹಿತ್ತಲಿನ ಬೇವಿನ ಮರದ ಕೆಳಗೆ ಮಣ್ಣಿನಲ್ಲಿ ಮಲಗಿದ್ದಾರೆ.

ಕರೆದವರು ಈಗಿನ ಪಾಸ್ಟರು, ಚಿಕ್ಕ ವಯಸ್ಸಿನವರು, ಬಹಳ ವಿನಯದ ಹುಡುಗ. "ಅಮ್ಮಾರ, ಹಳೀ ಗುಡಿಯೊಳಗ ಇದು ಕಡೀ ಸುಗ್ಗಿ ಹಬ್ಬ. ಮುಂದ ಗೋಡಿ ಕೆಡವಿ ದೊಡ್ಡದು ಕಟ್ಟಾಕತ್ತೀವಿ. ಆ ಎರಡು ಬಳಿಚೂರಿನ ಕಿಟಕಿ ಹಂಗ ಎತ್ತಿ ಹೊಸ ಗೋಡಿಯಾಗ ಕೂಡಸ್ತೀವಿ. ಒಂದು ಕಿಟಕಿಯಾಗ ನಿಮ್ಮಣ್ಣಾರ ಹೆಸರು ಅದ. ನೀವು ಬರಾಕಬೇಕು" ಎಂದು ಫೋನಿನಲ್ಲಿ ಹೇಳಿದರು. ನಾನು ರಾಯಚೂರಿನಿಂದ ಮೊಮ್ಮಗನ ಗಾಡಿಯಲ್ಲಿ ಹೊರಟೆ. ಕೈಚೀಲದಲ್ಲಿ ಹಳೆ ಸೀರೆ ಸುತ್ತಿದ ಒಂದು ಪುಟ್ಟ ಗಡಿಗೆ ಇತ್ತು. "ಅದರಾಗ ಏನದ ಅಜ್ಜಿ, ಉಪ್ಪಿನಕಾಯಿ ಏನು?" ಎಂದು ಹುಡುಗ ಕೇಳಿದ. ಹೌದಪ್ಪಾ, ಅರವತ್ತು ವರ್ಷ ಹಳೆಯ ಉಪ್ಪಿನಕಾಯಿ ಎಂದೆ.

ನಮ್ಮೂರು ಮಾನ್ವಿ ಮತ್ತು ದೇವದುರ್ಗದ ನಡುವೆ, ಎರೆಹೊಲಗಳ ಮಧ್ಯದ ಸಣ್ಣ ಹಳ್ಳಿ. ಊರವರು ಚರ್ಚು ಎನ್ನುತ್ತಿರಲಿಲ್ಲ, ಯೇಸಪ್ಪನ ಗುಡಿ ಎನ್ನುತ್ತಿದ್ದರು. ಒಂದು ಕೆಟ್ಟ ಬರದಲ್ಲಿ ಗಂಜಿ ಹುಡುಕಿಕೊಂಡು ಹೋಗಿ, ಬರುವಾಗ ಹೊಸ ದೇವರನ್ನೂ ಕರೆದುಕೊಂಡು ಬಂದ ಕೆಲವು ಮನೆಗಳು ಕಟ್ಟಿದ್ದು ಅದು. "ಗಂಜೀ ಕಿರಸ್ತಾನರು" ಎಂದು ಯಾರಾದರೂ ಅಣಕಿಸಿದರೆ ನಮ್ಮಜ್ಜ, "ಹೌದಪ್ಪಾ, ಗಂಜಿ ಕುಡದು ಬದುಕೀವಿ. ನಿಮ್ಮವ್ರು ಏನ್ ಕುಡೀಲಾರದ ಸತ್ರು?" ಎಂದು ಕೇಳುತ್ತಿದ್ದನಂತೆ. ಕರಿಕಲ್ಲಿನ ಗೋಡೆ, ಸಂದಿಗೆ ಕೆಸರು, ಮೇಲೆ ಮಣ್ಣಿನ ಮಾಳಿಗೆ. ಗೋಡೆಗೆ ಕಿಟಕಿಯೇ ಇರಲಿಲ್ಲ. ನಮ್ಮ ಕಡೆಯ ಮನೆಗಳಿಗೂ ಆಗ ಇರುತ್ತಿರಲಿಲ್ಲ. ಬೆಳಕೆಂಬುದು ಮಾಳಿಗೆಯ ಬೆಳಕಿಂಡಿಯಿಂದ ಇಳಿದು ಬರಬೇಕು. ಮಳೆ ಬಂದರೆ ಯಾರೋ ಮೇಲೆ ಹತ್ತಿ ಬೆಳಕಿಂಡಿಗೆ ಗಡಿಗೆ ಬೋರಲು ಹಾಕುವರು, ಒಳಗೆ ಕತ್ತಲಾಗುವುದು, ಅಪ್ಪ ಬೈಬಲನ್ನು ಬದಿಗಿಟ್ಟು ಎಲ್ಲರಿಗೂ ಬಾಯಿಪಾಠವಿದ್ದ ಕೀರ್ತನೆ ಎತ್ತಿಕೊಳ್ಳುವರು.

ಅಪ್ಪ ಮಿಷನ್ನಿನ ಶಾಲೆಯ ಮಾಸ್ತರರು, ಸಭೆಯ ಬೋಧಕರೂ ಅವರೇ. ವಾರವೆಲ್ಲ ಮಗ್ಗಿ ಹೇಳಿಕೊಡುವುದು, ಭಾನುವಾರ ಸುವಾರ್ತೆ. ಊರೆಲ್ಲ ಅವರನ್ನು ಮಾಸ್ತರ್ ಎಂದೇ ಕರೆಯುತ್ತಿತ್ತು. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಎಂದು ಹೆಸರು. ಆ ಹೆಸರೇ ಅವರಿಗೆ ಮುಳುವಾಯಿತು ಎಂದು ಈಗ ನನಗೆ ಅನಿಸುತ್ತದೆ.

ನಮ್ಮ ಕಡೆಯವರ ಬಾಯಲ್ಲಿ ಬಾರದ ಮಾತು ಒಂದಿದೆ, 'ಇಲ್ಲ' ಎಂಬುದು. ನಿಜಾಮನ ಕಾಲದ ಅದಬು, ಆ ಮರ್ಯಾದೆಯ ರೀತಿ, ನಮ್ಮ ನಾಲಗೆಗೆ ಹಾಗೆ ಅಂಟಿಬಿಟ್ಟಿತ್ತು. ಕೊಡುವವನೂ 'ನೋಡೋಣು' ಎನ್ನುತ್ತಾನೆ, ಕೊಡದವನೂ 'ನೋಡೋಣು' ಎನ್ನುತ್ತಾನೆ. ಕೇಳಿದವರು ಮುಖ ನೋಡಿ ತಿಳಿದುಕೊಳ್ಳಬೇಕು. ಮುಖ ಓದುವುದರಲ್ಲಿ ತಪ್ಪಾದರೆ ಅದು ಅವರವರ ಹಣೆಬರಹ.

ನಾನು ಹೇಳುತ್ತಿರುವುದು ಎರಡನೆಯ ದೊಡ್ಡ ಯುದ್ಧ ಮುಗಿದ ವರ್ಷದ ಚಳಿಗಾಲ ಮತ್ತು ಅದರ ಬೆನ್ನಿಗೆ ಬಂದ ಸುಗ್ಗಿ. ರಾಯಚೂರಿನ ಬೋರ್ಡಿಂಗಿನಲ್ಲಿ ಓದು ಮುಗಿಸಿ ಬಂದು ನಾನು ಅಪ್ಪನ ಶಾಲೆಯಲ್ಲೇ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೆ. ನನ್ನ ಹೆಸರು ಸುವಾರ್ತಾ. ಊರಲ್ಲಿ ಸುವಾರ್ತಿ. ನನಗೆ ಒಬ್ಬನೇ ಅಣ್ಣ, ಪ್ರೇಮದಾಸ. ಅವನ ಗೆಳೆಯ ಖಾಜಾಹುಸೇನ, ಬಳೆಗಾರ್ತಿ ಮದಾರಬಿಯ ಮಗ. ಇಬ್ಬರೂ ಅಪ್ಪನ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವರು, ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ನಮ್ಮ ಮನೆಯಲ್ಲಿ ಒಬ್ಬನಿಗೆ ರೊಟ್ಟಿ ತಟ್ಟಿದರೆ ಇಬ್ಬರಿಗೆ ತಟ್ಟಬೇಕು. ಮಾನ್ವಿಯ ಸಂತೆಗೆ ಪಲ್ಟನ್ನಿನವರ ಲಾರಿ ಬಂದ ದಿನ ಇಬ್ಬರೂ ಹೇಳದೆ ಕೇಳದೆ ಹತ್ತಿ ಹೋದರು. ಅವರು ರಾಯಚೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದನ್ನು ಕಂಡ ಬಂಡಿಯವನು ಬಂದು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ನಮ್ಮ ಸಭೆಯಿಂದ ಅವರಿಗಿಂತ ಮುಂಚೆ ಹೋದವನು ಇನ್ನೊಬ್ಬನಿದ್ದ, ಸಂಪತ್ತಪ್ಪ. ಅವನಿಗೆ ರತ್ನಮ್ಮನೆಂಬ ಹೆಂಡತಿ ಇದ್ದಳು.

ಸಂಪತ್ತಪ್ಪನ ಸಾವಿನ ಸುದ್ದಿ ಮೊದಲು ಬಂತು. ಆಮೇಲೆ ಒಂದು ಮಧ್ಯಾಹ್ನ ತಹಸೀಲಿನ ಜವಾನ ನಮ್ಮ ಮನೆಯ ಮುಂದೆ ಬಂದು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಬರ್ಮಾದ ಗಡಿಯಲ್ಲಿ ಪ್ರೇಮದಾಸನೂ ಖಾಜಾನೂ ಇದ್ದ ಲಾರಿಯ ಮೇಲೆ ಬಾಂಬು ಬಿದ್ದಿತ್ತು. ನಮಗೆ ಹೇಳಿ ಮುಗಿಸಿ ಅವನು ಮದಾರಬಿಯ ಮನೆಯ ಕಡೆ ನಡೆದ. ಅವಳು ಅವನು ಬರುವುದನ್ನು ನೋಡುತ್ತಲೇ ಬಾಗಿಲಲ್ಲಿ ಕೂತುಬಿಟ್ಟಳಂತೆ.

ಕೆಲವು ದಿನ ಕಳೆದ ಮೇಲೆ ಅವಳು ಬಂದು ನಮ್ಮ ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತಳು. ಆಮೇಲೆ ಮದಾರಬಿ ಅಂದಳು:

"ಇಬ್ರೂ ಕೂಡೇ ಹೋಗ್ಯಾರ, ಅದೊಂದು ಚಲೋ ಆತು ನೋಡು. ಒಬ್ಬವನ ಇದ್ದಿದ್ರ ಅಂಜತಿದ್ದ."

"ಯಾರು ಅಂಜತಿದ್ದ?" ಅಂದಳು ಅವ್ವ.

"ನಿನ್ನ ಮಗ. ಹಲ್ಲಿ ಕಂಡ್ರ ಓಡತಿದ್ದ."

"ನಿನ್ನವ ಏನು ಕಡಿಮಿ ಇದ್ದ? ಬಾವಿಗಿ ಇಳಿಯಾಕ ನಮ್ಮವನ ಕೈ ಹಿಡೀಬೇಕಿತ್ತು."

ಇಬ್ಬರೂ ಹೀಗೆ ಜಗಳವಾಡಿ, ಜಗಳದ ನಡುವೆ ನಕ್ಕು, ನಕ್ಕದ್ದಕ್ಕೆ ನಾಚಿ, ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ನಾನು ಒಳಗೆ ಜೋಳ ಕೇರುತ್ತಿದ್ದೆ. ಅಂಥ ಅಳುವನ್ನು ಮತ್ತೆ ಕೇಳಲಿಲ್ಲ.

ಕಿಟಕಿಯ ವಿಚಾರ ತೆಗೆದವರು ರಾಯಚೂರಿನಲ್ಲಿದ್ದ ಮಿಷನ್ನಿನ ದೊರೆಸಾನಿ. ಅವರ ದೇಶದಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಗುಡಿಯ ಕಿಟಕಿಗೆ ಬಣ್ಣದ ಗಾಜು ಹಾಕಿಸಿ ಹೆಸರು ಬರೆಸುತ್ತಾರಂತೆ. ಇಲ್ಲೂ ಸಂಪತ್ತಪ್ಪನಿಗೊಂದು, ಪ್ರೇಮದಾಸನಿಗೊಂದು ಮಾಡಿಸೋಣ ಎಂದರು. ಸಭೆಯವರಿಗೆ ಗೋಡೆ ಕೊರೆಯುವುದೆಂದರೆ ಭಯ, ದೊರೆಸಾನಿಗೆ ಎದುರಾಡುವುದೆಂದರೆ ಇನ್ನೂ ಭಯ. ಹೈದರಾಬಾದಿನಿಂದ ಗಾಜು ತರಿಸಿದರು. ರೈಲಿನಲ್ಲಿ ಸುಖವಾಗಿ ಬಂದ ಗಾಜು ರಾಯಚೂರಿನಿಂದ ನಮ್ಮೂರ ತನಕದ ಬಂಡಿದಾರಿಯಲ್ಲಿ ಪುಡಿಪುಡಿಯಾಯಿತು. ಪೆಟ್ಟಿಗೆ ಬಿಚ್ಚಿ ನೋಡಿದಾಗ ಹುಲ್ಲಿನೊಳಗೆ ಬರೀ ಚೂರು. ದೊರೆಸಾನಿ ಮುಖ ಸಣ್ಣದು ಮಾಡಿಕೊಂಡರು. ಅವ್ವ ಬಗ್ಗಿ ನೋಡಿ, "ಇದಕ್ಕಿಂತ ಚಂದ ಚೂರು ಮದಾರಬಿ ಗಡಿಗಿಯೊಳಗ ಅದಾವು" ಎಂದಳು. ಸುಮ್ಮನೆ ಆಡಿದ ಮಾತು. ಅಪ್ಪನಿಗೆ ಅದು ಹಿಡಿಸಿಬಿಟ್ಟಿತು.

ಬಳೆಗಾರ್ತಿಯರ ಒಂದು ಪದ್ಧತಿಯನ್ನು ಈಗಿನವರಿಗೆ ಹೇಳಬೇಕು. ಬಳೆ ಇಡಿಸುವಾಗ ಅವಳ ಕೈಯಲ್ಲಿ ಒಡೆದ ಬಳೆ ಅವಳದೇ ನಷ್ಟ. ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಆ ಚೂರನ್ನು ತಿಪ್ಪೆಗೆ, ದಾರಿಗೆ ಎಸೆಯುವಂತಿಲ್ಲ. ಮುತ್ತೈದೆಯ ಕೈಗೆಂದು ಬಂದದ್ದು ಕಾಲಿಗೆ ತಾಕಬಾರದು. ಮದಾರಬಿಯ ಅತ್ತೆಯ ಕಾಲದಿಂದಲೂ ಆ ಚೂರೆಲ್ಲ ಅವಳ ಮನೆಯ ಗಡಿಗೆಗಳಲ್ಲಿ ಕೂಡಿಬಿದ್ದಿತ್ತು. ನಮ್ಮ ಅಜ್ಜಿಯ ಮದುವೆಯಲ್ಲಿ ಒಡೆದದ್ದು, ಗೌಡರ ಸೊಸೆಯ ಸೀಮಂತದಲ್ಲಿ ಒಡೆದದ್ದು, ಮಠದ ಓಣಿಯ ಆಚಾರ್ಯರ ಮನೆಯದು, ಎಲ್ಲರದೂ ಕಲಸಿ. ಆ ಗಡಿಗೆಗಳನ್ನು ಅವಳು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದು ಗುಡಿಯ ಅಂಗಳದಲ್ಲಿ ಇಳಿಸಿದಳು.

ದೇವಸುಗೂರಿನ ಕಡೆಯಿಂದ ಬಂದ ಗೌಂಡಿ ಪೂರ್ವದ ಗೋಡೆಯಲ್ಲಿ ಕಲ್ಲು ತೆಗೆದು, ಗಚ್ಚಿನ ಜಾಲರಿ ಮಾಡಿ, ಅದು ಹಸಿಯಿರುವಾಗಲೇ ಚೂರುಗಳನ್ನು ಕೂಡಿಸುತ್ತ ಹೋದ. ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ದಿನಗಳು. ಬೆಳಿಗ್ಗೆ ಹೊಲದ ಮೇಲೆ ಮಂಜು, ಹಗಲಲ್ಲಿ ಹಿತವಾದ ಬಿಸಿಲು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಕೂತು ಬಣ್ಣ ಆರಿಸುತ್ತಿದ್ದೆ. ಯಾರಾದರೂ ಸೀತನಿ, ಸುಟ್ಟ ಎಳೆ ಜೋಳದ ತೆನೆ, ತಂದು ಕೊಟ್ಟರೆ ಎಲ್ಲರೂ ಕೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುವರು. ಬಳೆಯ ಚೂರು ಎಂದರೆ ಎಲ್ಲವೂ ಬಾಗಿದ್ದೇ. ನೇರ ಗೆರೆ ಅದರಲ್ಲಿ ಬರುವುದಿಲ್ಲ. ಗೌಂಡಿ ಶಿಲುಬೆಯನ್ನು ಮಾಡಲು ಹೋದರೆ ಅದು ಬಳ್ಳಿಯ ಹಾಗೆ ಬಳುಕಿತು. ದೊರೆಸಾನಿ ನೋಡಿ ನಕ್ಕರು, ಹಾಗೇ ಇರಲಿ ಎಂದರು.

ಆ ದಿನಗಳಲ್ಲೇ ರತ್ನಮ್ಮ ಬಂದಳು. ಗಂಡ ಸತ್ತರೆ ಬಳೆ ಒಡೆಯಬಾರದೆಂದು ನಮ್ಮ ಸಭೆಯಲ್ಲಿ ಅಪ್ಪ ಎಷ್ಟೋ ಸಲ ಬೋಧಿಸಿದ್ದರು. ರತ್ನಮ್ಮ ಯಾರ ಮಾತನ್ನೂ ಕೇಳದೆ ಗೋಡೆಗೆ ಕೈ ಬಡಿದು ಒಡೆದುಕೊಂಡಿದ್ದಳು. ಆ ಚೂರನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು, "ಇವನ್ನ ಅವರ ಕಿಟಕಿಯಾಗ ಹಾಕ್ರಿ" ಎಂದಳು. ವಿಧವೆಯ ಕೈಯ ಚೂರನ್ನು ಬಳೆಗಾರ್ತಿ ಮುಟ್ಟುವುದಿಲ್ಲ. ಎಲ್ಲರೂ ಮದಾರಬಿಯ ಕಡೆ ನೋಡಿದರು. ಮದಾರಬಿ ಎದ್ದು ಬಂದು ತನ್ನ ಸೆರಗನ್ನೇ ಒಡ್ಡಿದಳು. "ನನ್ನ ಕೈಯಾಗ ಇಡಿಸಿಕೊಂಡಿದ್ದು, ನನ್ನ ಕೈಯಾಗ ಬರ್ಲಿ ತಾ ಯವ್ವಾ" ಎಂದಳು. ಸಂಪತ್ತಪ್ಪನ ಕಿಟಕಿಯಲ್ಲಿ ಶಿಲುಬೆಯ ಬುಡಕ್ಕಿರುವ ಹಸಿರು ಅದೇ.

ಅವಳು ತನ್ನದೊಂದು ಸಣ್ಣ ಗಡಿಗೆಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಡುನೀಲಿಯ ಚೂರು, ಅಂಥ ಬಣ್ಣ ಉಳಿದ ಗಡಿಗೆಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ಸಂಜೆ ಗೌಂಡಿ ಕೈ ತೊಳೆಯಲು ಹೋದಾಗ ಅವಳು ಆ ಗಡಿಗೆಯನ್ನು ಹಿಡಿದುಕೊಂಡು ಅಪ್ಪನ ಮುಂದೆ ಬಂದು ನಿಂತಳು.

"ಮಾಸ್ತರ್, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಕೇಳಬೇ, ಮದಾರಬಿ."

"ನಮ್ಮ ಮಸೂತಿ ಗೋಡಿಗಿ ಯಾರ ಹೆಸರೂ ಬರಿಯಾಂಗಿಲ್ಲ. ಅವನ ಗೋರಿ ಎಲ್ಲ್ಯದನೋ ಅಲ್ಲಾಗ ಗೊತ್ತು. ನನ್ನ ಮಗ ಈ ಊರಾಗ ಹುಟ್ಟಿದ್ದ, ಬೆಳದಿದ್ದ ಅಂಬೋದಕ್ಕ ಒಂದು ಗುರ್ತು ಇಲ್ರೀ. ಪ್ರೇಮದಾಸನ ಬಾಜೂಕ ಅವಂದೊಂದು ಕಿಟಕಿ ಮಾಡಸ್ರಿ. ಶಿಲುಬಿ ಬ್ಯಾಡ, ತಸ್ವೀರ್ ಬ್ಯಾಡ. ಹೆಸರು ಇದ್ರ ಸಾಕು. ನಿಮ್ಮ ಸಾಲಿಯಾಗ ಕಲತಾವ ಅಲ್ಲೇನ್ರಿ ಅವ?"

ಅಪ್ಪನ ಕಣ್ಣು ತುಂಬಿದವು. ಅದನ್ನು ನಾನು ನೋಡಿದೆ, ಅವಳೂ ನೋಡಿದಳು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, "ನೋಡೋಣು, ಮದಾರಬಿ" ಎಂದರು.

ಕಣ್ಣೀರು ನೋಡಿದವಳು ಅದನ್ನು ಹೂಂ ಎಂದೇ ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಿದ್ದರು. ಅವಳಿಂದ ಕೇಳಿದ ಗೌಂಡಿಯೂ ಹಾಗೇ ತಿಳಿದು ಮರುದಿನವೇ ಪ್ರೇಮದಾಸನ ಕಿಟಕಿಯ ಪಕ್ಕ ಇದ್ದಿಲಿನಲ್ಲಿ ಗೆರೆ ಎಳೆದು, ಒಳಮೈಯ ಒಂದಷ್ಟು ಕಲ್ಲು ಬಿಚ್ಚಿದ. ಗೋಡೆಯಲ್ಲಿ ಒಂದು ಗೂಡಿನಷ್ಟು ಜಾಗವಾಯಿತು. ಅಲ್ಲಿಗೆ ಅಪ್ಪ, "ತಡಿ, ಸ್ವಲ್ಪ ತಡಿ" ಎಂದು ಅವನನ್ನು ನಿಲ್ಲಿಸಿದರು.

ಅಪ್ಪನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಾನು ಬಹಳ ಸಲ ಬಗೆದು ನೋಡಿದ್ದೇನೆ. ಅವರಿಗೆ ಮನಸ್ಸಿತ್ತು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತನ್ನ ಮಗನ ಹೆಸರು ಗೋಡೆಗೆ ಬಂದಾಗಿದೆ, ಇನ್ನು ಮಗನ ಗೆಳೆಯನದೂ ಬಂದರೆ ಮಾಸ್ತರ್ ಗುಡಿಯನ್ನು ಸ್ವಂತ ಮನೆ ಮಾಡಿಕೊಂಡ ಎಂದಾರು ಎಂಬ ಅಂಜಿಕೆ ಒಂದು. ಮುಸಲ್ಮಾನರ ಹುಡುಗನ ಹೆಸರನ್ನು ನಮ್ಮ ಗುಡಿಗೆ ಬರೆದರೆ ಅವರ ಜನಕ್ಕೆ ನೋವಾದೀತು ಎಂಬ ಅಂಜಿಕೆ ಇನ್ನೊಂದು. ಅದಕ್ಕೆ ಮಸೂತಿಯ ಮುಲ್ಲಾಸಾಹೇಬರನ್ನು ಕೇಳಲು ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಚಹಾ ಬಂತು, ಎಲೆಅಡಿಕೆ ಬಂತು, ಮಳೆಬೆಳೆಯ ಮಾತಾಯಿತು. ಕೊನೆಗೆ ಅಪ್ಪ, "ಖಾಜಾನ ಹೆಸರು ನಮ್ಮ ಗುಡಿಯಾಗ ಬರಿಸಿದ್ರ ನಿಮ್ಮವರಿಗಿ ಬ್ಯಾಸರ ಆದೀತೇನೋ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಮುಲ್ಲಾಸಾಹೇಬರು ಗಡ್ಡ ನೇವರಿಸಿಕೊಂಡು, "ಮಾಸ್ತರ್ ಸಾಬ್, ಗುಡಿ ನಿಮ್ದು. ನಿಮ್ಮ ಮರ್ಜಿ" ಎಂದರು.

ದಾರಿಯಲ್ಲಿ ಅಪ್ಪ ಅಂದರು, "ಅವರಿಗಿ ಮನಸಿಲ್ಲ ಸುವಾರ್ತಿ. ಮರ್ಯಾದಿಗಿ ಹಂಗ ಹೇಳಿದ್ರು." ನಾನು, "ಅವರು ಬ್ಯಾಡ ಅನ್ನಲಿಲ್ಲಪ್ಪಾ" ಎಂದೆ. "ಬ್ಯಾಡ ಅಂತ ಯಾರು ಅಂತಾರ?" ಎಂದರು ಅಪ್ಪ. ನಾನೂ ಅದೇ ಊರಿನವಳು, ಅವರ ಹಿಂದೆ ನಡೆದೆ.

ಸಭೆ ಕೂಡಿಸಿದರು. ಒಬ್ಬರೂ ವಿರೋಧ ಮಾಡಲಿಲ್ಲ. "ನಿಮಗ ಸರಿ ಕಂಡಂಗ ಮಾಡ್ರಿ ಮಾಸ್ತರ್" ಎಂದರು. ಅಪ್ಪನಿಗೆ ಅದರಲ್ಲೂ ಅಸಮಾಧಾನವೇ ಕೇಳಿಸಿತು. ದೊರೆಸಾನಿಯನ್ನು ಕೇಳಿದರೆ, ಅದು ಸಭೆಯವರ ಇಷ್ಟ ಎಂದರು. ಹೀಗೆ ಒಬ್ಬರು ಇನ್ನೊಬ್ಬರ ಮುಲಾಜಿಗೆ ಬಾಗಿ, ಎಲ್ಲರೂ ಒಪ್ಪಿದ ಕೆಲಸವೊಂದು ಯಾರಿಂದಲೂ ಆಗದೆ ನಿಂತಿತು. ಗೂಡು ಗೂಡಾಗಿಯೇ ಉಳಿಯಿತು. ಗೌಂಡಿ ಅದಕ್ಕೆ ಸುಣ್ಣ ಸಾರಿಸಿ ಊರಿಗೆ ಹೋದ.

ಮದಾರಬಿಗೆ ಇದನ್ನು ಹೇಳಿದವರು ಯಾರು? ಯಾರೂ ಇಲ್ಲ. ಕಿಟಕಿ ಆಮೇಲೆ ಆದರೂ ಆದೀತು, ಹೆಸರನ್ನಂತೂ ಹಬ್ಬದ ದಿನ ಓದುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಹಾಗೆಂದು ಅವ್ವನ ಹತ್ತಿರ ಹೇಳಿಯೂ ಇದ್ದಳಂತೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ, "ನೋಡೋಣು" ಎಂದರು.

ಸುಗ್ಗಿ ಹಬ್ಬದ ದಿನ ಕಿಟಕಿಗಳ ಪ್ರತಿಷ್ಠೆ. ಕಂಬಕಂಬಕ್ಕೂ ಜೋಳದ ದಂಟು, ಮುಂದೆ ಕುಂಬಳಕಾಯಿ, ಕಡಲೆಗಿಡ, ಬುಟ್ಟಿ ತುಂಬ ಸಜ್ಜೆ. ಬಿಸಿಲೇರುತ್ತಿದ್ದಂತೆ ಎರಡೂ ಕಿಟಕಿಯ ಬಣ್ಣ ನೆಲದ ಮೇಲೆ ಬಿದ್ದಿತು. ಅಷ್ಟು ಕಾಲ ಮೇಲಿನಿಂದ ಇಳಿಯುತ್ತಿದ್ದ ಬೆಳಕು ಮೊದಲ ಸಲ ಪಕ್ಕದಿಂದ ಬಂದಿತ್ತು. ಮುದುಕಿಯರು ಬಣ್ಣ ತುಳಿಯಬಾರದೆಂದು ಸುತ್ತು ಹಾಕಿ ಹೋಗಿ ಕೂತರು. ಅದರಲ್ಲಿ ತಮ್ಮ ತಮ್ಮ ಬಳೆಯ ಚೂರಿದೆ ಎಂದು ಊರಿನ ಹೆಂಗಸರೆಲ್ಲ ನೋಡಲು ಬಂದು ಬಾಗಿಲ ಹೊರಗೆ ನೆರೆದಿದ್ದರು. ಮದಾರಬಿ ಒಗೆದ ಬಿಳಿ ಸೀರೆಯುಟ್ಟು, ತಲೆಗೆ ಸೆರಗು ಹೊದ್ದು, ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು.

ಅಪ್ಪ ಹೆಸರು ಕರೆದರು. ಕರೆದ ಹೆಸರಿಗೆ ಅವನ ಮನೆಯವರು ಎದ್ದು ನಿಲ್ಲುವುದು, ಅದು ಅಂದೇ ಶುರುವಾದ ಪದ್ಧತಿ. "ಸಂಪತ್ತಪ್ಪ." ರತ್ನಮ್ಮನೂ ಅವಳ ಅತ್ತೆಮಾವಂದಿರೂ ಎದ್ದರು, ಕೂತರು. "ಪ್ರೇಮದಾಸ" ಎಂದರು ಅಪ್ಪ. ನಾನೂ ಅವ್ವನೂ ಎದ್ದೆವು, ಕೂತೆವು.

ಅಪ್ಪ ಸುಮ್ಮನೆ ನಿಂತರು. ಆ ಸುಮ್ಮನಿದ್ದಷ್ಟು ಹೊತ್ತಿನಲ್ಲಿ ಬಾಗಿಲ ಕಡೆ ನನ್ನ ಕಣ್ಣು ಹೋಯಿತು. ಮದಾರಬಿ ಎದ್ದು ನಿಂತಿದ್ದಳು. ಸೆರಗು ಸರಿಮಾಡಿಕೊಂಡು, ಕೈ ಜೋಡಿಸಿಕೊಂಡು, ಕರೆಯುವ ಮುಂಚೆಯೇ ಎದ್ದಿದ್ದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ. ಮಗನ ಮದುವೆಯ ಮಾತಿಗೆ ಕೂತ ತಾಯಿಯ ಹಾಗೆ ಒಂದು ಘನತೆ ಇತ್ತು.

"ಪ್ರಾರ್ಥನೆ ಮಾಡೋಣ" ಎಂದರು ಅಪ್ಪ.

ಸಭೆಯೆಲ್ಲ ಎದ್ದು ನಿಂತಿತು. ಅವಳು ಒಬ್ಬಳೇ ಎದ್ದಿದ್ದಳೆಂಬುದು ಆ ಎದ್ದ ಜನರ ನಡುವೆ ಮುಚ್ಚಿಹೋಯಿತು. ಪ್ರಾರ್ಥನೆ ಮುಗಿದು ಎಲ್ಲರೂ ಕೂತಾಗ ಅವಳೂ ಕೂತಳು. ಹಬ್ಬ ಮುಗಿದ ಮೇಲೆ ಎಲ್ಲರಂತೆ ಬಂದು, "ಭಾಳ ಚಂದ ಆಗ್ಯಾವ ಮಾಸ್ತರ್" ಎಂದು ಹೇಳಿ, ಅವ್ವ ಕೊಟ್ಟ ಕುಂಬಳದ ಹೋಳನ್ನು ಸೆರಗಿನಲ್ಲಿಟ್ಟುಕೊಂಡು ಹೋದಳು.

ಮನೆಗೆ ಬಂದ ಮೇಲೆ ನಾನು ತಡೆಯಲಾರದೆ, "ಅಪ್ಪಾ, ಆಕಿ ನಿಂತಿದ್ಲು" ಎಂದೆ.

"ನೋಡೀನಿ" ಎಂದರು ಅಪ್ಪ.

"ನೋಡಿ ಸುಮ್ಮನಿದ್ರಾ?"

"ಬಾಯಿ ತನಕ ಬಂದಿತ್ತವ್ವಾ. ಬಾಗಿಲದಾಗ ಮುಲ್ಲಾಸಾಹೇಬರ ಮನೀ ಹೆಣ್ಮಕ್ಕಳೂ ನಿಂತಿದ್ರು. ಅವರಿಗಿ ಏನನಸ್ತದೋ ಏನೋ ಅಂತ... ಮುಂದಿನ ಸುಗ್ಗಿಗಿ ಮಾಡೋಣು."

ಅಂದು ಅಪ್ಪ ಊಟ ಮಾಡಲಿಲ್ಲ. ನನಗೂ ಅವರ ಮೇಲೆ ಕನಿಕರ ಬರಲಿಲ್ಲ.

ಮುಂದಿನ ಸುಗ್ಗಿಗೆ ದೊರೆಸಾನಿ ತಮ್ಮ ದೇಶಕ್ಕೆ ಹೊರಟು ನಿಂತಿದ್ದರು, ಗೌಂಡಿ ಸಿಗಲಿಲ್ಲ. ಅದರ ಹಿಂದಿನ ಮಳೆಗಾಲದಲ್ಲಿ, ಕಿಟಕಿಗಳಿಗೆಂದು ಕೊರೆದಿದ್ದ ಗೋಡೆ ನೀರು ಕುಡಿದು ಒಂದು ಕಡೆ ಉಬ್ಬಿದ್ದರಿಂದ ಇನ್ನೊಂದು ಕಿಟಕಿ ಕೊರೆಯಲು ಸಭೆಗೆ ಧೈರ್ಯ ಬರಲಿಲ್ಲ. ಕಾರಣಗಳಿಗೇನು ಬರ, ಹುಡುಕಿದರೆ ಹೊಲದ ಕಸದಷ್ಟು. ಆ ವರ್ಷವೇ ನನ್ನ ಮದುವೆ ಗೊತ್ತಾಯಿತು. ಬಳೆ ಇಡಿಸಲು ಮದಾರಬಿಯೇ ಬಂದಳು. ನನ್ನ ಮುಂಗೈ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಂದೂ ಒಡೆಯದಂತೆ ಏರಿಸುತ್ತ, ತಲೆಯೆತ್ತದೆ ಹೇಳಿದಳು:

"ಮಾಸ್ತರ್ ಇಲ್ಲ ಅಂದಿದ್ರ ನಾ ಒಂದಿನ ಅತ್ತು ಸುಮ್ಮನಾಗತಿದ್ದೆ ಬೇಟಿ. ನೋಡೋಣು ಅಂದ್ರು. ದಿನಾ ಕಾಯಾಕತ್ತೀನಿ."

ನಾನು ಆ ಮಾತನ್ನು ಹಾಗೇ ಹೋಗಿ ಅಪ್ಪನಿಗೆ ಹೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಆಮೇಲೆ ಬಂದ ವರ್ಷ ನಮ್ಮ ನಾಡಿನಲ್ಲಿ ಯಾರೂ ನೆನೆಯಲು ಇಷ್ಟಪಡದ ವರ್ಷ. ಬೇರೆ ಕಡೆ ಸ್ವಾತಂತ್ರ್ಯದ ಬಾವುಟ ಹಾರಿತ್ತು, ನಮ್ಮಲ್ಲಿ ರಜಾಕಾರರ ಗದ್ದಲ. ಅದಾದ ಮೇಲೆ ಪೊಲೀಸ್ ಆ್ಯಕ್ಷನ್. ಮೊದಲು ಒಂದು ಜನ ಅಂಜಿ ಬಾಗಿಲು ಹಾಕಿಕೊಂಡರು, ಆಮೇಲೆ ಇನ್ನೊಂದು ಜನ. ಬಳೆಗಾರ್ತಿ ಬುಟ್ಟಿ ಹೊತ್ತು ಊರೂರು ತಿರುಗುವ ಕಾಲ ಅದಾಗಿರಲಿಲ್ಲ. ಒಂದು ಬೆಳಿಗ್ಗೆ ಮದಾರಬಿ ಯಾಪಲದಿನ್ನಿಯಲ್ಲಿದ್ದ ಮಗಳ ಮನೆಗೆ ಹೊರಟಳು. ಅಪ್ಪ ಬಂಡಿ ಗೊತ್ತುಮಾಡಿ, ತಾವೇ ಪಕ್ಕದಲ್ಲಿ ಕೂತು ಅವಳನ್ನು ಬಿಟ್ಟು ಬಂದರು. ಹೊರಡುವ ಮುಂಚೆ ಅವಳು ಆ ಸಣ್ಣ ಗಡಿಗೆಯನ್ನು ಅವ್ವನ ಕೈಯಲ್ಲಿಟ್ಟು, "ಕಿಟಕಿ ಮಾಡೋಮುಂದ ಬೇಕಾಗ್ತದ, ಎತ್ತಿಡು" ಎಂದಳಂತೆ. ಬಂಡಿಯಲ್ಲಿ ಅಷ್ಟು ದೂರ ಜೊತೆಗೆ ಹೋದ ಅಪ್ಪ ಆಡಬೇಕಾದ ಮಾತನ್ನು ಅಂದಾದರೂ ಆಡಿದರೋ ಇಲ್ಲವೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಯಾಪಲದಿನ್ನಿಯಿಂದ ಅವಳೂ ಮಗಳ ಮನೆಯವರೂ ಹೈದರಾಬಾದಿಗೆ ಹೋದರೆಂದು ಸುದ್ದಿ ಬಂತು. ಕೆಲವು ಕಾಲದ ಮೇಲೆ ಅಪ್ಪ, ರಾಯಚೂರಿನಾಚೆ ಎಂದೂ ಹೋಗದ ಮನುಷ್ಯ, ಹೈದರಾಬಾದಿಗೆ ಹೋದರು. ಚಾರ್ಮಿನಾರಿನ ಬುಡದ ಬಳೆಯಂಗಡಿಗಳ ಸಾಲಿನಲ್ಲಿ ಒಂದೊಂದು ಅಂಗಡಿಯ ಮುಂದೆಯೂ ನಿಂತು, ಮಾನ್ವಿ ಕಡೆಯ ಮದಾರಬಿ ಗೊತ್ತೇ ಎಂದು ಕೇಳಿದರಂತೆ. ಎಲ್ಲರೂ ಕೂಡಿಸಿ ಚಹಾ ಕುಡಿಸಿದರು, ಅಲ್ಲಿಯೂ ಯಾರೂ ಗೊತ್ತಿಲ್ಲ ಎಂದು ಹೇಳಲಿಲ್ಲ. ಮುಂದಿನ ಅಂಗಡಿಯಲ್ಲಿ ಕೇಳಿ ನೋಡಿ ಎಂದರು. ಅಪ್ಪ ಬರಿಗೈಯಲ್ಲಿ ಬಂದರು. ಗೋಡೆ ಗಟ್ಟಿ ಮಾಡಿಸಿ ಕಿಟಕಿ ಮಾಡಿಸಿಬಿಡಿ ಎಂದು ನಾನು ಹೇಳಿದರೆ, "ಆಕಿ ನೋಡಲಾರದ ಕಿಟಕಿ ಯಾರ ಸಮಾಧಾನಕ್ಕ? ನನ್ನ ಸಮಾಧಾನಕ್ಕ ಆಗ್ತದ. ನನಗದು ಬ್ಯಾಡ" ಎಂದರು. ಕೊನೆಯ ವರ್ಷಗಳಲ್ಲಿ ಗುಡಿಯೊಳಗೆ ಹೋದರೆ ಮಗನ ಕಿಟಕಿಯ ಕಡೆ ನೋಡುತ್ತಿರಲಿಲ್ಲ, ಪಕ್ಕದ ಗೂಡಿನ ಕಡೆ ನೋಡುತ್ತಿದ್ದರು.

ಇನ್ನೂ ಒಂದು ಮಾತು ಬಾಕಿಯಿದೆ, ಅದನ್ನು ತಿಳಿಯದೆ ಅಪ್ಪ ಸತ್ತದ್ದೇ ಒಳ್ಳೆಯದಾಯಿತು. ಎಷ್ಟೋ ವರ್ಷಗಳ ಮೇಲೆ ರಾಯಚೂರಿನ ಬಜಾರಿನಲ್ಲಿ ಮುಲ್ಲಾಸಾಹೇಬರ ಮಗಳು ಸಿಕ್ಕಳು, ನನ್ನ ವಾರಿಗೆಯವಳು. ಮಾತಿಗೆ ಮಾತು ಬಂದು ಕಿಟಕಿಯ ಸುದ್ದಿ ಬಂತು. "ಅಬ್ಬಾ ಭಾಳ ಖುಷಿ ಆಗಿದ್ರು. ಪ್ರತಿಷ್ಠಾಕ ಹೋಗಬೇಕಂತ ಶೇರ್ವಾನಿ ಇಸ್ತ್ರಿ ಮಾಡಿಸಿಟ್ಟಿದ್ರು. ಮಾಸ್ತರ್ ಕರಿಯಾಕ ಬರಲಿಲ್ಲ. ಸಭಾದವರಿಗಿ ಮನಸಿಲ್ಲ ಕಾಣ್ತದ, ನಾವು ಒತ್ತಾಯ ಮಾಡಬಾರ್ದು ಅಂತ ಸುಮ್ಮನಾದ್ರು. ನಮ್ಮನ್ನ ಕಳಿಸಿದ್ರು" ಎಂದಳು. ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣುಮಕ್ಕಳು ಖಾಜಾನ ಹೆಸರು ಕೇಳಲೆಂದೇ ಬಂದವರು.

ಈ ಸಲದ ಹಬ್ಬಕ್ಕೆ ಬರೋಣ. ಗೂಡಿನಲ್ಲಿ ಈಗ ಮೈಕಿನ ಪೆಟ್ಟಿಗೆ ಇಟ್ಟಿದ್ದಾರೆ. ಕಿಟಕಿಗಳು ಹಾಗೇ ಇವೆ, ಬಳುಕಿದ ಶಿಲುಬೆ, ಬುಡದ ಹಸಿರು. ಹೆಸರು ಕರೆಯುವ ಪದ್ಧತಿಯೂ ಉಳಿದಿದೆ. ಪಾಸ್ಟರು "ಸಂಪತ್ತಪ್ಪನವರು" ಎಂದಾಗ ಒಂದು ಸಾಲಿನಷ್ಟು ಜನ ಎದ್ದರು, ಕೈಗೂಸುಗಳೂ ಸೇರಿ. "ಪ್ರೇಮದಾಸರು" ಎಂದಾಗ ನಾನೊಬ್ಬಳೇ ಎದ್ದೆ. "ಕೂಡ್ರಿ ಅಮ್ಮಾರ" ಎಂದರು. ಕೂತೆ. ಅವರು ಪ್ರಾರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗನ ಭುಜ ಹಿಡಿದು ಮತ್ತೆ ಎದ್ದೆ.

ಪಾಸ್ಟರು ನಿಲ್ಲಿಸಿ, ಮೆತ್ತಗೆ ಕೇಳಿದರು, "ಈಗ ಯಾರ ಪೈಕಿ ಅಮ್ಮಾರ?"

"ಖಾಜಾಹುಸೇನನ ಪೈಕಿ" ಎಂದೆ.

ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಅವ್ವ ನನಗೆ ಬಿಟ್ಟುಹೋದ ಆ ಗಡಿಗೆಯನ್ನು ಮುಂದಿನ ಮೇಜಿನ ಮೇಲಿಡಿಸಿ, ಆದಷ್ಟು ಚಿಕ್ಕದಾಗಿ ಹೇಳಿದೆ. ಹೊಸ ಗೋಡೆ ಹೇಗೂ ಕಟ್ಟುತ್ತೀರಿ, ಮೂರನೆಯದಕ್ಕೆ ಜಾಗ ಬಿಡಿ, ಬರೀ ಹೆಸರು ಸಾಕು ಎಂದೆ. ಯಾರೂ ಮುಖ ಗಂಟಿಕ್ಕಲಿಲ್ಲ. ಕೆಲವರು ಕಣ್ಣೊರೆಸಿಕೊಂಡರು, ಹಿರಿಯರು ತಲೆಯಾಡಿಸಿದರು. ಪಾಸ್ಟರು ಗಡಿಗೆಯೊಳಗೆ ಇಣುಕಿ, ಒಂದು ನೀಲಿ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣೂ ತುಂಬಿದ್ದವು. ಚೂರನ್ನು ಜೋಪಾನವಾಗಿ ಒಳಗಿಟ್ಟು, ಎರಡೂ ಕೈ ಮುಗಿದು, ನನ್ನ ಕಡೆ ಬಾಗಿ, "ಭಾಳ ಚಲೋ ಮಾತು ಹೇಳಿದ್ರಿ ಅಮ್ಮಾರ. ಕಮಿಟಿ ಮುಂದ ಇಡ್ತೀನಿ" ಎಂದರು. ಆಮೇಲೆ ಅಷ್ಟೇ ಗೌರವದಿಂದ, "ನೋಡೋಣ್ರಿ" ಎಂದರು.

ನಾನು ಕೂಡಲಿಲ್ಲ. ಅಷ್ಟರಲ್ಲಿ ಪ್ರಾರ್ಥನೆಗೆಂದು ಸಭೆಯೆಲ್ಲ ಎದ್ದು ನಿಂತಿತು. ನಾನು ಮೊದಲೇ ನಿಂತಿದ್ದೆನೆಂಬುದು ಯಾರಿಗೂ ಕಾಣಿಸಲಿಲ್ಲ.